ಎಲ್ಲರಿಗೂ ಹೇಳಿದ ಸಿಲಿಂಡರ್

ಸ್ಟ್ರೆಚರಿಗೆ ಕಟ್ಟಿದ್ದ ಆಕ್ಸಿಜನ್ ಸಿಲಿಂಡರ್ ಖಾಲಿಯಾಗುತ್ತಾ ಬಂದಿತ್ತು. ಎಮರ್ಜೆನ್ಸಿಯಿಂದ ಐಸಿಯುಗೆ ಹೊರಡುವಾಗ ಡಾಕ್ಟರು, “ತುಂಬಿದ್ದು ಒಂದು ತಗೊಳ್ಳಿ,” ಎಂದರು. ಯಾರ ಮುಖವನ್ನೂ ನೋಡದೆ, ಗೋಡೆಗೆ ಹೇಳಿದಂತೆ ಹೇಳಿದರು. ಡಾಕ್ಟರ ಮಾತು ಕಿವಿಗೆ ಬಿದ್ದವರು ಬಾಯಿಬಿಟ್ಟು ಒಪ್ಪಲೇಬೇಕೆಂಬ ನಿಯಮ ಅಲ್ಲಿ ಹೊಸದಾಗಿ ಬಂದಿತ್ತು. ಸಿಸ್ಟರ್ “ಆಯ್ತು” ಎಂದರು. ಸ್ಟ್ರೆಚರ್ ತಳ್ಳುವ ಗುಂಡಣ್ಣನೂ “ಆಯ್ತು” ಎಂದ. ನಿಯಮ ಪಾಲನೆ ಅಚ್ಚುಕಟ್ಟಾಗಿ ಮುಗಿಯಿತು. ತುಂಬಿದ ಸಿಲಿಂಡರ್ ಮಾತ್ರ ಇದ್ದಲ್ಲೇ ಉಳಿಯಿತು.

ಎರಡು ಮಹಡಿಗಳ ನಡುವೆ ಲಿಫ್ಟು ಗಕ್ಕನೆ ನಿಂತಿತು. ಸ್ಟ್ರೆಚರ್ ಮೇಲೆ ಉಸಿರಿಗಾಗಿ ಒದ್ದಾಡುತ್ತಿದ್ದ ದರ್ಜಿ, ಅವನ ತಲೆಯ ಬಳಿ ಹೆಂಡತಿ, ಸುತ್ತ ಆಸ್ಪತ್ರೆಯ ಮೂವರು. ಮೈ ಹೊರಳಿಸಲೂ ಜಾಗವಿರಲಿಲ್ಲ. ಗುಂಡಣ್ಣ ಅಲಾರಂ ಒತ್ತಿದ, ಬಾಗಿಲು ಬಡಿದ. “ಮೆಕ್ಯಾನಿಕ್ ಬರ್ತಿದಾನೆ, ಇರಿ,” ಎಂದು ಯಾರೋ ಹೊರಗಿನಿಂದ ಕೂಗಿದರು. ಇರದೆ ಎಲ್ಲಿಗೆ ಹೋಗುವುದು?

ಆಗ ಸಿಸ್ಟರ್ ಸಿಲಿಂಡರಿನ ಮೀಟರಿನ ಮುಳ್ಳು ನೋಡಿದರು. ಅದು ಕೆಂಪಿಗೆ ಇಳಿದಿತ್ತು.

“ತುಂಬಿದ್ದು ಎಲ್ಲಿ?”

“ನೀವು ತಂದ್ರಿ ಅನ್ಕೊಂಡೆ,” ಎಂದ ಗುಂಡಣ್ಣ.

“ನೀನು ತಂದಿದೀಯ ಅಂತ ನಾನು ಅನ್ಕೊಂಡೆ.”

ಡಾಕ್ಟರು ಇಬ್ಬರ ಮೇಲೂ ಹರಿಹಾಯ್ದರು. ಲಿಫ್ಟಿನಲ್ಲಿ ಬೈಸಿಕೊಂಡವರಿಗೆ ಎದ್ದು ಹೋಗಲು ದಾರಿಯಿಲ್ಲ, ಬೈದವರಿಗೂ ಇಲ್ಲ. ದರ್ಜಿಯ ತುಟಿ ನೀಲಿಗಟ್ಟುತ್ತಿತ್ತು.

“ಜಗಳ ಆಮೇಲೆ ಆಡಿ,” ಎಂದಳು ಹೆಂಡತಿ. “ಈಗ ನಾನೇನು ಮಾಡ್ಲಿ, ಅದು ಹೇಳಿ.”

ಡಾಕ್ಟರಿಗೆ ಕಪಾಳಕ್ಕೆ ಹೊಡೆದಂತಾಯಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಸ್ಟ್ರೆಚರಿನ ಕೆಳಗಿದ್ದ, ಕೈಯಲ್ಲಿ ಒತ್ತಿ ಉಸಿರು ಕೊಡುವ ಬ್ಯಾಗನ್ನು ತೆಗೆದು, ಆಕೆಯ ಮುಖ ನೋಡಿಯೇ ಮಾತಾಡಿದರು.

“ಅಮ್ಮ, ಇದನ್ನ ಹಿಡ್ಕೊಳ್ಳಿ. ನಾನು ಹೇಳಿದಾಗೆಲ್ಲ ಒತ್ತಿ, ಸಡಿಲ ಬಿಡಿ. ಸಿಸ್ಟರ್, ನಾಡಿ ನೀವು ನೋಡಿ, ಜೋರಾಗಿ ಹೇಳ್ತಾ ಇರಿ. ಗುಂಡಣ್ಣ, ವಾರ್ಡಿಗೆ ಫೋನ್ ಮಾಡು. ಸಿಲಿಂಡರ್ ಯಾರು ತರ್ತಾರೆ ಅಂತ ಕೇಳಿ ನಂಗೆ ಹೇಳು.”

ಮಾಸ್ಕನ್ನು ತಾವೇ ಎರಡೂ ಕೈಯಿಂದ ದರ್ಜಿಯ ಮುಖಕ್ಕೆ ಅದುಮಿ ಹಿಡಿದರು. ಆಕೆ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಇಡೀ ಲಿಫ್ಟಿನಲ್ಲಿ ಡಾಕ್ಟರ “ಒತ್ತಿ”, ಸಿಸ್ಟರ್ ಹೇಳುವ ನಾಡಿಯ ಲೆಕ್ಕ, ಗುಂಡಣ್ಣನ ಫೋನು ಬಿಟ್ಟರೆ ಬೇರೆ ಮಾತಿರಲಿಲ್ಲ.

ಕೊನೆಗೆ ಬಾಗಿಲು ಕಿರ್ರೆಂದು ಅರ್ಧ ತೆರೆಯಿತು. ಹೊರಗಿನಿಂದ ಸಿಲಿಂಡರ್ ಒಳಗೆ ಬಂತು. ದರ್ಜಿಯ ತುಟಿಯ ನೀಲಿ ತಿಳಿಯಾಗಿತ್ತು.

“ಬಿಡಿ ಅಮ್ಮ, ಇನ್ನು ನಾವು ನೋಡ್ಕೋತೀವಿ,” ಎಂದರು ಡಾಕ್ಟರು.

ಆಕೆ ಕೈ ತೆಗೆಯಲಿಲ್ಲ.

“ನಾವು ಅಂದ್ರೆ ಯಾರು?”

ಸಿಸ್ಟರ್ ಬ್ಯಾಗಿಗೆ ಕೈ ಹಾಕಿ, “ನಾನು,” ಎಂದರು. ಆ ಕೈ ಒಮ್ಮೆ ಒತ್ತಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಆಕೆ ತನ್ನ ಕೈ ಬಿಟ್ಟಳು.