ಅದು ನದಿಯಲ್ಲ

ಕೆಟಲ್ ರೆಕಾರ್ಡ್ಸ್‌ನ ಹಳೇ ಸ್ಟುಡಿಯೋವನ್ನು ಮ್ಯೂಸಿಯಂ ಮಾಡಿದ ದಿನ ಮೆಂಫಿಸ್‌ನ ಮುದುಕರೆಲ್ಲ ವಿಗ್ ಹಾಕಿಕೊಂಡು ಬಂದಿದ್ದರು. ನಾನೂ ಹೋಗಿದ್ದೆ, ಗೋಡೆಯ ಮೇಲೆ ನನ್ನ ಹೆಸರು ಹುಡುಕಲು. ಪಿಯಾನೋದವನ ಹೆಸರಿತ್ತು, ಡ್ರಮ್ಮಿನವನದಿತ್ತು, ಮಾಲೀಕನ ನಾಯಿಯ ಫೋಟೋ ಕೂಡ ಇತ್ತು. ಅರ್ನೆಸ್ಟೀನ್ ಕೋಲಿ ಎಂಬ ನನ್ನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಮೈ ಉರಿದುಹೋಯಿತು.

"ಹಿಂದೆ ನಿಂತು ಹಾಡಿದವರ ಹೆಸರು ರೆಕಾರ್ಡುಗಳ ಮೇಲೆ ಅಚ್ಚಾಗಿಲ್ಲ ಅಮ್ಮಾ," ಎಂದಳು ಮ್ಯೂಸಿಯಂ ನೋಡಿಕೊಳ್ಳುವ ಮಿಸ್ ಹಾಲೋವೇ. "ನೀವೇ ಹಾಡಿದ್ದು ಅಂತ ನಾವು ಹೇಗೆ ನಂಬೋದು?"

"ನಾನು ಹಿಂದೆ ನಿಂತಿರಲಿಲ್ಲ ಕಣಮ್ಮ, ಕಕ್ಕಸಿನಲ್ಲಿ ನಿಂತಿದ್ದೆ!"

ಸುಳ್ಳಲ್ಲ. ಆ ಕಟ್ಟಡದಲ್ಲಿ ದನಿ ಚೆನ್ನಾಗಿ ಮೊಳಗುತ್ತಿದ್ದ ಜಾಗ ಅದೊಂದೇ. ಹಾಗಾಗಿ ಕೋರಸ್ಸಿನ ಹುಡುಗಿಯರನ್ನು ಮೈಕಿನ ಜೊತೆ ಒಳಗೆ ತಳ್ಳಿ ಬಾಗಿಲು ಹಾಕುತ್ತಿದ್ದರು. ಹಾಡು ಮುಗಿದಾಗ ಆರುವ ಕೆಂಪು ದೀಪ ನಮಗೆ ಕಾಣುತ್ತಿರಲಿಲ್ಲ. ಒಂದು ದಿನ ಒಳಗೆ ನಾನೊಬ್ಬಳೇ. ಹೊರಗೆ ಮುಖ್ಯ ಗಾಯಕ ರಾಸ್ಕೋ ಟಿಡ್‌ವೆಲ್ ಒಂದೇ ಹಾಡನ್ನು ಬೆಳಗಿನಿಂದ ಎಳೆದಾಡುತ್ತಿದ್ದ. ಕೊನೆಗೂ ಸುಮ್ಮನಾದ. ಮುಗಿಯಿತೆಂದು ನಾನು ನನ್ನ ಕೆಲಸ ಮುಗಿಸಿ ನೀರು ಬಿಡುವ ಸರಪಳಿ ಎಳೆದೆ. ಆ ಮಹಾನುಭಾವ ಉಸಿರು ತೆಗೆದುಕೊಳ್ಳುತ್ತಿದ್ದನಷ್ಟೆ! ಅಷ್ಟು ಚೆಂದ ಅವನು ಮತ್ತೆ ಹಾಡಲಾರನೆಂದು ಮಾಲೀಕ ಅದನ್ನೇ ಇಟ್ಟುಕೊಂಡ. ದೇಶವೆಲ್ಲ ಆ ಹಾಡು ಕೇಳಿತು, ನೀರಿನ ಸಮೇತ.

ಅಂದಿನಿಂದ ರಾಸ್ಕೋ ಸಿಕ್ಕಸಿಕ್ಕವರಿಗೆಲ್ಲ ಅದು ಮಿಸಿಸಿಪ್ಪಿ ನದಿಯ ಸದ್ದು, ಅದರಲ್ಲಿ ದೀಕ್ಷಾಸ್ನಾನ ಮಾಡಿದ ತನ್ನ ಸತ್ತ ತಾಯಿಯ ನೆನಪು ಎಂದು ಕಣ್ಣೊರೆಸಿಕೊಂಡು ಹೇಳುತ್ತ ಬಂದ. ತಾಯಿ ಆಗಿನ್ನೂ ಗಟ್ಟಿಮುಟ್ಟಾಗಿದ್ದಳು.

ಮ್ಯೂಸಿಯಂ ತೆರೆದ ಆ ದಿನವೂ ಅದೇ ಹಾಡು ಹಾಡಲು ಬಂದಿದ್ದವನನ್ನು ವೇದಿಕೆಯ ಪಕ್ಕದಲ್ಲಿ ಹಿಡಿದೆ. "ಲೋ ರಾಸ್ಕೋ, ಇವತ್ತು ನಿಜ ಹೇಳು. ಇಲ್ಲಾಂದ್ರೆ ನಾನೇ ಹೇಳ್ತೀನಿ."

"ನನ್ನ ಮರ್ಯಾದೆ ತೆಗೀಬೇಡ ಮಾರಾಯ್ತಿ! ಆ ನೀರು ಕೇಳಿ ಜನ ಅತ್ತಿದ್ದಾರೆ ಕಣೇ. ಒಬ್ಬ ಪಾದ್ರಿ ಅದರ ಮೇಲೆ ಉಪದೇಶಾನೇ ಕೊಟ್ಟಿದ್ದಾನೆ."

"ಹಾಗಾದ್ರೆ ನನ್ನ ಹೆಸರು?"

ಅವನು ವಿಗ್ ಸರಿಮಾಡಿಕೊಂಡು ವೇದಿಕೆ ಹತ್ತಿದ. ನಾನು ಅಲ್ಲಿದ್ದ ಇನ್ನೊಂದು ಮೈಕು ಎತ್ತಿಕೊಂಡು ನೆಟ್ಟಗೆ ಕಕ್ಕಸಿಗೆ ಹೋದೆ, ನದಿಯ ಮಾನ ಅಲ್ಲಿಂದಲೇ ಹರಾಜು ಹಾಕೋಣವೆಂದು. ಪುಣ್ಯಕ್ಕೆ ಅದನ್ನು ಮಾತ್ರ ಯಾರೂ ಹೊಸದು ಮಾಡಿರಲಿಲ್ಲ.

ಹಾಡು ಮೇಲೇರುವ ಕಡೆ ರಾಸ್ಕೋನ ಗಂಟಲು ಕಟ್ಟಿತು. ಎಂಬತ್ತರ ಮುದುಕ, ದನಿ ಹೊರಡಲೇ ಇಲ್ಲ. ಬಯ್ಯಲೆಂದು ಬಾಯಿ ತೆರೆದವಳು ಅವನ ಆ ಮೌನ ಸಹಿಸಲಾರದೆ ಹಾಡಿಬಿಟ್ಟೆ. ನನ್ನ ಮಂಡಿ ಹೋಗಿದೆ, ಹಲ್ಲು ಹೋಗಿವೆ. ಆ ಗೋಡೆಗಳು ಮಾತ್ರ ನನ್ನನ್ನು ಇನ್ನೂ ಹುಡುಗಿಯೆಂದೇ ತಿಳಿದಿದ್ದವು. ಅಳು ಬಂತು. ಅವನು ಉಸಿರು ತೆಗೆಯುವ ಆ ಜಾಗ ಬಂದಾಗ ಸರಪಳಿ ಎಳೆದೆ.

ಹೊರಗಿನಿಂದ ರಾಸ್ಕೋನ ದನಿ ಕೇಳಿತು. "ಅದು ನದಿಯಲ್ಲ, ಜನಗಳೇ. ಅರ್ನೆಸ್ಟೀನ್ ಕೋಲಿ. ಆವತ್ತೂ ಅವಳೇ, ಇವತ್ತೂ ಅವಳೇ."

ಈಗ ನನ್ನ ಹೆಸರು ಹಿತ್ತಾಳೆಯಲ್ಲಿದೆ, ಕಕ್ಕಸಿನ ಬಾಗಿಲ ಮೇಲೆ. ಹಾಲೋವೇ ನಾಚಿಕೊಂಡು ಗೋಡೆಗೆ ಹಾಕಿಸುತ್ತೇನೆಂದಳು. ನಾನೇ ಬೇಡವೆಂದೆ. ಗೋಡೆಯ ಮುಂದೆ ಜನ ಓದಿ ನಡೆದುಬಿಡುತ್ತಾರೆ. ಇಲ್ಲಿಗೆ ಬಂದವರು ಬಾಗಿಲು ಹಾಕಿಕೊಂಡು, ಒಂದು ಸಾಲಾದರೂ ಹಾಡಿಯೇ ಹೊರಬರುತ್ತಾರೆ.