ಬರೆಯದ ಬೋರ್ಡು

‘ಬರ್ತೀನಿ’ ಅಂದಳೋ, ‘ಹೋಗ್ತೀನಿ’ ಅಂದಳೋ?

ಕೊನೆಯ ‘ತೀನಿ’ ಮಾತ್ರ ಅವನ ಕಿವಿಗೆ ಬಿದ್ದಿತ್ತು. ಆಗ ಆ ಕಿವಿಯಲ್ಲಿ ಗುತ್ತಿಗೆದಾರ ಕೂತಿದ್ದ. ಹಳೇ ತಿರುವನ್ನ ಇವತ್ತು ಸಂಜೇನೇ ಮುಚ್ಚಬೇಕಾ ಸಾರ್, ಸೋಮವಾರ ಮುಚ್ಚಿದ್ರೆ ಆಗಲ್ವಾ ಎಂದು ಫೋನಿನಲ್ಲಿ ರಾಗ ಎಳೆಯುತ್ತಿದ್ದ. ಹೆಂಡತಿ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಇವನು ನಕ್ಷೆಯಿಂದ ತಲೆ ಎತ್ತದೆ ಅಂಗೈ ಎತ್ತಿದ, ಒಂದು ನಿಮಿಷ ಎಂಬ ಅರ್ಥದಲ್ಲಿ. ಬಾಗಿಲು ಮುಚ್ಚಿತು. ಲಿಫ್ಟು ಇಳಿದ ಸದ್ದಾಯಿತು.

ಆ ಅಂಗೈಯನ್ನು ಅವಳು ‘ಆಯ್ತು, ಹೊರಡು’ ಅಂತ ತಿಳಿದಳೋ ಏನೋ. ಊರಿಗೆಲ್ಲ ಬಾಣದ ಗುರುತು ಹಾಕಿ ದಾರಿ ತೋರಿಸುವ ಇಂಜಿನಿಯರು ತನ್ನ ಕೈಯ ಅರ್ಥ ತನಗೇ ತಿಳಿಯದೆ ಕಾರು ಹತ್ತಿದ.

ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ. ಇನ್ನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ತೀರ್ಮಾನಿಸಿದವನೂ ‘ಬರ್ತೀನಿ’ ಅಂತಲೇ ಹೇಳಿ ಹೋಗುತ್ತಾನೆ. ಹಾಗಿದ್ದ ಮೇಲೆ ಅವಳೂ ಅದನ್ನೇ ಅಂದಿರಬೇಕು. ಆದರೆ ಹೋದ ವಾರ ಪಾತ್ರೆ ಒರೆಸುತ್ತ ಅವಳು ಒಂದು ಮಾತು ಎಸೆದಿದ್ದಳು.

“ಅಕ್ಕನ ಮನೇಲೇ ಇದ್ದುಬಿಡ್ಲಾ ಅಂತಿದೀನಿ.”

“ಎಷ್ಟು ದಿನ?”

ಅವಳು ಅವನನ್ನೇ ನೋಡಿದಳು, ಆಮೇಲೆ ನಕ್ಕಳು. ಇವನೂ ನಕ್ಕ. ನಗುವಂಥದ್ದು ಏನಿತ್ತು ಎಂದು ಆಗ ಕೇಳಬೇಕಿತ್ತು. ಅಕ್ಕನ ಮನೆ ಗಡಿಯಾಚೆ, ಪಕ್ಕದ ರಾಜ್ಯದಲ್ಲಿತ್ತು. ಹೋಗುವುದಾದರೆ ಇವನ ಹೆದ್ದಾರಿಯಲ್ಲೇ ಹೋಗಬೇಕು.

ಎರಡು ರಾಜ್ಯಗಳನ್ನು ಕೂಡಿಸುವ ಆ ಹೆದ್ದಾರಿ ಹಳೆಯದು. ಅಜ್ಜನ ಅಳತೆಗೆ ಹೊಲಿದ ಕೋಟನ್ನು ಮೊಮ್ಮಗ ಇನ್ನೂ ಹಾಕಿಕೊಂಡಿದ್ದ ಹಾಗೆ, ಅದರ ಹೊಲಿಗೆಗಳೆಲ್ಲ ಬಿಟ್ಟಿದ್ದವು. ಊರಂಚಿನಲ್ಲಿ ಅದು ಇನ್ನೊಂದು ರಸ್ತೆಯನ್ನು ಸೇತುವೆಯ ಮೇಲೆ ದಾಟುವಲ್ಲಿ ನಾಲ್ಕು ಮೂಲೆಗೂ ನಾಲ್ಕು ದುಂಡು ತಿರುವು ಬಿಟ್ಟಿದ್ದರು. ಜನ ಅದನ್ನು ನಾಲ್ಕೆಲೆ ಎಂದು ಕರೆಯುತ್ತಿದ್ದರು. ಬಲಕ್ಕೆ ಹೋಗಬೇಕಾದವನು ಅಲ್ಲಿ ಎಡಕ್ಕೆ ತಿರುಗಿ, ಮುಕ್ಕಾಲು ಸುತ್ತು ಹಾಕಿ, ತಾನು ಬಂದ ದಾರಿಯ ಕೆಳಗೇ ನುಸುಳಬೇಕು. ಒಂದು ಎಲೆಯಿಂದ ಬರುವವರೂ ಮುಂದಿನ ಎಲೆಗೆ ಹೋಗುವವರೂ ಒಂದೇ ತುಂಡು ರಸ್ತೆಯಲ್ಲಿ ಹೆಣೆದುಕೊಳ್ಳಬೇಕು. ಅಲ್ಲಿ ಒಬ್ಬರ ಮುಖ ಒಬ್ಬರು ನೋಡಿ, ನೀವು ಹೋಗಿ, ಇಲ್ಲ ನೀವು ಬನ್ನಿ ಎಂದು ದೀಪ ಮಿನುಗಿಸಬೇಕಿತ್ತು. ಎಷ್ಟೋ ಸಲ ಯಾರೂ ಮಿನುಗಿಸುತ್ತಿರಲಿಲ್ಲ. ಆಗ ಆಂಬುಲೆನ್ಸು ಬರುತ್ತಿತ್ತು.

ಇಂಜಿನಿಯರು ಬಿಡಿಸಿದ ಹೊಸ ನಕ್ಷೆಯಲ್ಲಿ ಆ ತುಂಡು ರಸ್ತೆ ಇರಲಿಲ್ಲ.

“ಹಳೇದನ್ನೇ ಅಗಲ ಮಾಡಿದ್ರೆ ಸಾಲ್ದೇನ್ರೀ?” ಬೆಳಗಿನ ಸಭೆಯಲ್ಲಿ ದೊಡ್ಡ ಸಾಹೇಬರು ಕೊನೆಯ ಸಲ ಕೇಳಿದರು. ಅವರು ಎಲ್ಲವನ್ನೂ ಕೊನೆಯ ಸಲ ಕೇಳುವವರು.

“ಸಾಲದು ಸಾರ್. ಬರೋರು ಹೋಗೋರು ಒಬ್ಬರಿಗೊಬ್ಬರು ಅಡ್ಡ ಬರ್ತಾರೆ. ಹೊಸದ್ರಲ್ಲಿ ಅಡ್ಡ ಬರೋ ಜಾಗ ಸೊನ್ನೆ.”

“ಸೊನ್ನೆ ಅಂದ್ರೆ?”

“ಯಾರ ದಾರೀಲೂ ಯಾರೂ ಸಿಗಲ್ಲ.”

“ಭೇಷ್! ನಮ್ಮನೇಗೂ ಇಂಥದ್ದೊಂದು ಹಾಕಿಕೊಡ್ರಿ ಮಾರಾಯ್ರೇ.”

ಮೇಜಿನ ಸುತ್ತ ಎಲ್ಲರೂ ನಕ್ಕರು. ಇವನು ಸ್ವಲ್ಪ ತಡವಾಗಿ ನಕ್ಕ. ಇವನ ಮನೆಗೆ ಅದನ್ನು ಹಾಕಿ ಆಗಿತ್ತು. ಇವನು ಎದ್ದು ಸ್ನಾನ ಮುಗಿಸುವವರೆಗೆ ಅವಳು ಕೋಣೆ ಬಿಟ್ಟು ಬರುತ್ತಿರಲಿಲ್ಲ. ಅವಳು ಉಣ್ಣುವಾಗ ಇವನಿಗೆ ಫೋನು ಬರುತ್ತಿತ್ತು. ಬಟ್ಟೆ ಒಗೆಯುವ ಮಿಷನ್ನಿಗೂ ಬೇರೆ ಬೇರೆ ದಿನ. ಜಗಳವಾಡಿ ಯಾವ ಕಾಲವಾಯಿತೋ. ನೀವಿಬ್ರೂ ಹಾಲು ಜೇನು ಕಣ್ರೀ ಎಂದು ಪಕ್ಕದ ಮನೆಯವರು ಹೇಳಿದಾಗ ಇವನು ನಂಬಿದ್ದ. ಅವಳು ಆಗಲೂ ನಕ್ಕಿದ್ದಳು.

ಸಭೆ ಮುಗಿದ ಮೇಲೆ ಹೆಂಡತಿಗೆ ಫೋನು ಮಾಡಿದ. ರಿಂಗಾಯಿತು. ಅವಳು ಎತ್ತಲಿಲ್ಲ.

ನಕ್ಷೆ ವಿಭಾಗದ ಹೆಂಗಸಿನ ಮೇಜಿನ ಹತ್ತಿರ ಹೋಗಿ ನಿಂತ. ಆಕೆ ಪರದೆಯ ಮೇಲೆ ಹಳೆಯ ಎಲೆಗಳನ್ನು ಒಂದೊಂದಾಗಿ ಅಳಿಸುತ್ತಿದ್ದಳು.

“ನೀವು ಮನೆಯಿಂದ ಹೊರಡೋವಾಗ ಏನಂತೀರಿ?”

“ಯಾರಿಗೆ ಸಾರ್?”

“ಯಾರಿಗಾದ್ರೂ. ಮನೆಯವರಿಗೆ.”

“ಬರ್ತೀನಿ ಅಂತೀನಿ. ಇನ್ನೇನು ಅಂತಾರೆ?”

“ಹೋಗ್ತೀನಿ ಅನ್ನಲ್ವಾ?”

“ಬಿಡ್ತು ಅನ್ನಿ ಸಾರ್!” ಆಕೆ ಇವನ ಮುಖವನ್ನು ಅನುಮಾನದಿಂದ ನೋಡಿದಳು. “ಯಾಕೆ, ಹೊಸ ದಾರಿಯ ಬೋರ್ಡಿಗಾ?”

“ಹ್ಞಾ. ಬೋರ್ಡಿಗೆ.”

ಇವನು ಆಕೆಯ ತುಟಿಯನ್ನೇ ನೋಡುತ್ತಿದ್ದ. ಆಕೆಗೆ ಅದು ಇಷ್ಟವಾಗಲಿಲ್ಲ, ಕುರ್ಚಿ ಆ ಕಡೆ ತಿರುಗಿಸಿಕೊಂಡಳು. ಇವನಿಗೆ ಆ ಹೊತ್ತಿಗೆ ಒಂದು ವಿಷಯ ಹೊಳೆದಿತ್ತು. ‘ಬ’ ಅನ್ನುವುದಕ್ಕೆ ಎರಡು ತುಟಿ ಕೂಡಬೇಕು. ‘ಹೋ’ ಅನ್ನುವುದಕ್ಕೆ ಕೂಡಬೇಕಾಗಿಲ್ಲ. ಬೆಳಿಗ್ಗೆ ಕತ್ತು ಇಷ್ಟೇ ಇಷ್ಟು ತಿರುಗಿಸಿದ್ದರೆ, ಕೇಳಿಸದಿದ್ದರೂ ಕಾಣಿಸುತ್ತಿತ್ತು. ಅಯ್ಯೋ, ಕತ್ತು ತಿರುಗಿಸುವುದು ಎಷ್ಟರ ಕೆಲಸ!

ಅಷ್ಟರಲ್ಲಿ ಬೋರ್ಡು ಬರೆಯುವವನೇ ಫೋನು ಮಾಡಿದ. ನಾಲ್ಕೆಲೆಯ ಹತ್ತಿರ ಹೊಸ ಏರುದಾರಿಯ ಬುಡದಲ್ಲಿ ಬೋರ್ಡು ನಿಲ್ಲಿಸಿಯಾಗಿತ್ತು. ಮೇಲೆ ಬಾಣವನ್ನೂ ಬಿಡಿಸಿಯಾಗಿತ್ತು.

“ಬಾಣದ ಕೆಳಗೆ ಏನು ಬರೀಲಿ ಸಾರ್? ಬರುವ ದಾರಿ ಅಂತಲೋ, ಹೋಗುವ ದಾರಿ ಅಂತಲೋ?”

“ನಕ್ಷೇಲಿ ಇದೆಯಲ್ರೀ.”

“ನಕ್ಷೇಲಿ ಎರಡೂ ಇದೆ. ಊರ ಕಡೆಯಿಂದ ನೋಡಿದ್ರೆ ಹೋಗುವುದು. ಗಡಿ ಕಡೆಯಿಂದ ನೋಡಿದ್ರೆ ಬರುವುದು. ನಾನು ಯಾವ ಕಡೆ ನಿಂತ್ಕೊಂಡು ನೋಡ್ಲಿ?”

ಇವನಿಗೆ ಒಮ್ಮೆಲೇ ರೇಗಿತು.

“ಆಮೇಲೆ ಹೇಳ್ತೀನಿ,” ಅಂದ. ‘ತೀನಿ’ ಎಂದು ತನ್ನದೇ ದನಿಯಲ್ಲಿ ಕೇಳಿ ಬೆಚ್ಚಿ ಫೋನಿಟ್ಟ.

ಮತ್ತೆ ಹೆಂಡತಿಗೆ ಮಾಡಿದ. ಎತ್ತಲಿಲ್ಲ. ಕೊನೆಗೆ ಧೈರ್ಯ ಮಾಡಿ ಅವಳ ಅಕ್ಕನಿಗೆ ಮಾಡಿದ.

“ಏನಪ್ಪಾ, ಅಪರೂಪಕ್ಕೆ!” ಆ ಕಡೆ ಪ್ರೆಶರ್ ಕುಕ್ಕರು ಕೂಗುತ್ತಿತ್ತು.

“ಸುಮ್ನೆ ಮಾಡಿದೆ. ಅವಳು... ಬಂದ್ಲಾ?”

“ಬರ್ತೀನಿ ಅಂದಿದ್ಲಾ ನಿನ್ಹತ್ರ?”

ಇಲ್ಲ ಅಂದರೆ, ಏನಂದಳು ಎಂಬ ಪ್ರಶ್ನೆ ಬರುತ್ತದೆ. ಗೊತ್ತಿಲ್ಲ ಅಂದರೆ, ಹೆಂಡತಿ ಹೇಳಿದ್ದನ್ನು ಕೇಳಿಸಿಕೊಳ್ಳದ ಗಂಡ ಎಂದಾಗುತ್ತದೆ.

“ಹ್ಞೂಂ. ಅಂದ್ಲು.”

“ಅಂದ್ಮೇಲೆ ಬರ್ತಾಳೆ ಬಿಡು.”

ಎಲ್ಲಿಗೆ? ಆಕೆಯ ಮನೆಗೋ, ತನ್ನ ಮನೆಗೋ? ಕೇಳಬೇಕೆಂದು ಬಾಯಿ ತೆರೆದ. ಕುಕ್ಕರು ಇನ್ನೊಂದು ಸಲ ಕೂಗಿತು. “ಇಡ್ಲಾ?” ಅಂದಳು ಆಕೆ. ಇಡಿ ಅಂದ.

ಮಧ್ಯಾಹ್ನ ಮನೆಗೆ ಹೋದ. ಯಾವತ್ತೂ ಹೋದವನಲ್ಲ. ಹಗಲಿನಲ್ಲಿ ತನ್ನ ಮನೆಗೆ ಇಷ್ಟು ಬಿಸಿಲು ಬರುತ್ತದೆ ಎಂದೂ ಅವನಿಗೆ ಗೊತ್ತಿರಲಿಲ್ಲ. ಗುರುತು ಹುಡುಕೋಣ ಎಂದುಕೊಂಡು ಅಲ್ಮೆರಾ ತೆರೆದ. ಅವಳ ಕಡೆ ಖಾಲಿ ಹ್ಯಾಂಗರುಗಳು ತೂಗುತ್ತಿದ್ದವು. ಮೊದಲೂ ಖಾಲಿ ಇದ್ದವೋ? ಒಲೆಯ ಮೇಲೆ ಅನ್ನ ಮುಚ್ಚಿಟ್ಟಿದ್ದಳು. ಒಬ್ಬರಿಗೋ, ಇಬ್ಬರಿಗೋ? ಆ ಸೇತುವೆಯ ಮೇಲೆ ಗಂಟೆಗೆ ಎಷ್ಟು ಲಾರಿ ಹಾಯುತ್ತವೆ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲವನಿಗೆ ಇಬ್ಬರು ಎಷ್ಟು ಅನ್ನ ಉಣ್ಣುತ್ತಾರೆ ಎಂದು ತಿಳಿಯದು. ಚಪ್ಪಲಿಯ ಗೂಡಿನ ಮೇಲೆ ಒಂದು ಬೀಗದ ಕೈ ಇತ್ತು. ಅವಳದೋ, ಯಾವಾಗಲೂ ಅಲ್ಲೇ ಬಿದ್ದಿರುವ ಇನ್ನೊಂದೋ? ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದ. ಬೀಗದ ಕೈ ಬೀಗದ ಕೈಯ ಹಾಗೆಯೇ ಇತ್ತು.

ಮದುವೆಯಾದ ಹೊಸತರಲ್ಲಿ ಅವಳು ಇವನನ್ನು ರೇಗಿಸುತ್ತಿದ್ದಳು. ಬೆಳಿಗ್ಗೆ ಇವನು ಮೆಟ್ಟಿಲು ಇಳಿಯುವಾಗ ಅಡುಗೆಮನೆಯಿಂದ “ಹೋದ ಪುಟ್ಟ!” ಎಂದು ಕೂಗುವಳು. ಸಂಜೆ ಬಾಗಿಲು ತೆರೆದು “ಬಂದ ಪುಟ್ಟ!” ಅನ್ನುವಳು. ಎಲ್ಲಿಗೆ ಹೋದೆ, ಏನು ತಂದೆ, ಏನೂ ಇಲ್ಲ, ಬರಿಗೈಲಿ ಹೋದ ಪುಟ್ಟ ಬಂದ ಪುಟ್ಟ ಎಂದು ಮೂಗು ಹಿಂಡುವಳು. ಅದು ಯಾವಾಗ ನಿಂತಿತು? ಕೂಗುವುದನ್ನು ಅವಳು ಬಿಟ್ಟಳೋ, ಕೇಳಿಸಿಕೊಳ್ಳುವುದನ್ನು ತಾನು ಬಿಟ್ಟೆನೋ?

“ಬಂದ ಪುಟ್ಟ,” ಎಂದು ಮೆಲ್ಲಗೆ ಹೇಳಿ ನೋಡಿದ. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಅವಳು ಬರಬೇಕು ಎಂದು ತೀರ ಚಿಕ್ಕ ಮಕ್ಕಳಿಗೆ ಅನ್ನಿಸುವ ಹಾಗೆ ಅನ್ನಿಸಿತು.

ಸಂಜೆ ತಿರುವು ಮುಚ್ಚಿಸಿ ನೇರ ಅಕ್ಕನ ಮನೆಗೆ ಹೋಗುವುದು ಎಂದು ನಿಶ್ಚಯಿಸಿದ. ಹೋಗಿ ಒಂದೇ ಮಾತು ಕೇಳುವುದು, ಬೆಳಿಗ್ಗೆ ಏನಂದೆ ಅಂತ. ಅವಳು ಅಲ್ಲಿ ಇಲ್ಲದಿದ್ದರೆ? ಅದನ್ನು ಅವನು ಯೋಚಿಸಲಿಲ್ಲ.

ನಾಲ್ಕೆಲೆಯಲ್ಲಿ ಧೂಳು ಎದ್ದಿತ್ತು. ಹಳೆಯ ತಿರುವಿಗೆ ಅಡ್ಡಲಾಗಿ ಕೆಂಪು ಬಿಳಿ ಡ್ರಮ್ಮುಗಳನ್ನು ಉರುಳಿಸಿ ನಿಲ್ಲಿಸಿದರು. ಇಂದಿನಿಂದ ಸೇತುವೆ ಕೆಳಗಿನ ರಸ್ತೆಯಿಂದ ಊರೊಳಕ್ಕೆ ಬರುವವರೂ ಗಡಿಯಾಚೆ ಹೋಗುವವರೂ ಇದೇ ಹೊಸ ಏರುದಾರಿ ಹತ್ತಬೇಕು. ಮೇಲೆ, ಎತ್ತರದ ಕಾಂಕ್ರೀಟು ಗೋಡೆಯ ಹಿಂದೆ, ಅವರವರ ದಾರಿ ಬೇರೆಯಾಗುತ್ತದೆ. ಕೆಳಗೆ ನಿಂತವನಿಗೆ ಅದು ಕಾಣುವುದಿಲ್ಲ. ಕಾಣಬೇಕಾದ ಅಗತ್ಯವಿಲ್ಲ ಎಂದು ನಕ್ಷೆ ಒಪ್ಪಿಸುವಾಗ ಇವನೇ ವಾದಿಸಿದ್ದ.

ಏರುದಾರಿಯ ಬುಡದಲ್ಲಿ ಮಣ್ಣಿನ ಟಿಪ್ಪರುಗಳು ಆಗಾಗ ಅಡ್ಡ ಹಾಯುತ್ತಿದ್ದವು. ಅವು ಹಾಯುವಾಗ ಗಾಡಿಗಳನ್ನು ತಡೆಯಲು ಒಬ್ಬ ದಪ್ಪ ಮೀಸೆಯವನು ಎರಡು ಬಾವುಟ ಹಿಡಿದು ನಿಂತಿದ್ದ. ಇವನನ್ನು ಕಂಡವನೇ ಹಲ್ಲು ಕಿರಿದು ಕಿರುಬೆರಳು ತೋರಿಸಿದ.

“ಸಾರ್, ಒಂದೈದು ನಿಮಿಷ ಹಿಡ್ಕೋತೀರಾ? ಆಗ್ಲಿಂದ ತಡ್ಕೊಂಡಿದೀನಿ.”

ಇಲ್ಲ ಅನ್ನುವ ಮೊದಲೇ ಬಾವುಟಗಳು ಇವನ ಕೈಗೆ ಬಂದಿದ್ದವು. ಮೀಸೆಯವನು ಪೊದೆಯ ಕಡೆ ಓಡಿದ. ಟಿಪ್ಪರೊಂದು ಗುರುಗುಟ್ಟುತ್ತ ಅಡ್ಡ ಬಂತು. ಇವನು ಗಡಿಬಿಡಿಯಲ್ಲಿ ಕೆಂಪು ಎತ್ತಿದ. ಸಾಲಿನ ಮೊದಲ ಗಾಡಿ ಕೀಚೆಂದು ನಿಂತಿತು. ಅದೊಂದು ಬಾಡಿಗೆ ಕಾರು.

ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಕೂತಿದ್ದಳು.

ಗಾಜು ಏರಿಸಿತ್ತು. ಕಿವಿಗೆ ಫೋನು ಹಿಡಿದಿದ್ದಳು. ಪಕ್ಕದಲ್ಲಿ ಬ್ಯಾಗಿತ್ತೋ ಇಲ್ಲವೋ, ಗಾಜಿನ ಮೇಲೆ ಡ್ರಮ್ಮುಗಳ ನೆರಳು ಬಿದ್ದು ಕಾಣಲಿಲ್ಲ. ಅವಳು ತಲೆ ಎತ್ತಿ ಇವನನ್ನು ನೋಡಿದಳು. ಕೈಯಲ್ಲಿ ಬಾವುಟ ಹಿಡಿದು ರಸ್ತೆಯ ನಡುವೆ ನಿಂತ ಗಂಡನನ್ನು ಕಂಡು ಅವಳಿಗೆ ಆಶ್ಚರ್ಯವಾದ ಹಾಗಿರಲಿಲ್ಲ.

ಇವನು ಅವಳ ತುಟಿ ನೋಡಿದ. ಮುಚ್ಚಿತ್ತು. ‘ಬ’ ಶುರುವಾಗುವುದು ಹಾಗೆಯೇ. ಏನೂ ಹೇಳುವುದಿಲ್ಲ ಎಂದಿರುವವರ ತುಟಿಯೂ ಹಾಗೆಯೇ ಇರುತ್ತದೆ.

ಟಿಪ್ಪರು ದಾಟಿ ಹೋಯಿತು. ಹಸಿರು ಎತ್ತಬೇಕಿತ್ತು. ನಿಲ್ಲು ಎನ್ನಲು ಕೆಂಪು, ಹೋಗು ಎನ್ನಲು ಹಸಿರು. ಬಾ ಎನ್ನಲು ಬಾವುಟ ಕೊಟ್ಟಿರಲಿಲ್ಲ. ಹಸಿರು ಎತ್ತಿದರೆ ಕಾರು ಏರುತ್ತದೆ, ಗೋಡೆಯ ಹಿಂದೆ ಯಾವ ಕಡೆ ತಿರುಗಿತು ಎಂದು ಗೊತ್ತಾಗುವುದಿಲ್ಲ. ಕೆಂಪು ಇಳಿಸದಿದ್ದಷ್ಟು ಹೊತ್ತು ಅವಳು ಹೋಗುವುದಿಲ್ಲ. ಬರುವುದೂ ಇಲ್ಲ. ನಾಲ್ಕು ಹೆಜ್ಜೆ ನಡೆದು ಗಾಜು ತಟ್ಟೋಣವೆಂದರೆ ಬಾವುಟ ಹಿಡಿದವನು ಜಾಗ ಬಿಡುವಂತಿಲ್ಲ.

ಹಾರ್ನುಗಳು ಶುರುವಾದವು. ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ಇಡೀ ಹೆದ್ದಾರಿ. ಪೊದೆಯ ಕಡೆ ನೋಡಿದ. ಮೀಸೆಯವನ ಸುಳಿವಿಲ್ಲ.

ಅವಳು ಇವನನ್ನು ನೋಡುತ್ತಲೇ, ಫೋನು ಕೆಳಗಿಡದೆ, ಇನ್ನೊಂದು ಕೈಯ ಅಂಗೈ ಎತ್ತಿ ಗಾಜಿಗೆ ಹಿಡಿದಳು.

ಅದು ಅವನದೇ ಅಂಗೈ, ಬೆಳಗಿನದು. ಒಂದು ನಿಮಿಷ ಅಂತಲೋ, ನಿಲ್ಲು ಅಂತಲೋ, ಆಯ್ತು ಇನ್ನು ಅಂತಲೋ? ಅದರ ಅರ್ಥ ಜಗತ್ತಿನಲ್ಲಿ ಒಬ್ಬನಿಗೆ ಗೊತ್ತಿರಬೇಕಿತ್ತು.

ಕಾರಿನ ಹಿಂದಿದ್ದ ಲಾರಿಯವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕಿರುಚಿದ. “ರೀ ಸ್ವಾಮೀ, ಇದು ಬರೋ ದಾರಿನೋ ಹೋಗೋ ದಾರಿನೋ? ಏನಾದ್ರೂ ಒಂದು ಹೇಳ್ರೀ!”

ಇವನು ಹಿಂದೆ ತಿರುಗಿ ಬೋರ್ಡು ನೋಡಿದ. ಬಾಣವೊಂದು ಆಕಾಶಕ್ಕೆ ಮುಖ ಮಾಡಿತ್ತು. ಅದರ ಕೆಳಗೆ ಬಣ್ಣ ಬಳಿದ ತಗಡು ಖಾಲಿಯಾಗಿ ಹೊಳೆಯುತ್ತಿತ್ತು. ಮತ್ತೆ ಈ ಕಡೆ ತಿರುಗಿದಾಗ ಅಂಗೈ ಇನ್ನೂ ಗಾಜಿನ ಮೇಲೇ ಇತ್ತು. ಕೆಂಪು ಹಿಡಿದ ಕೈ ಸೋತು ಬಾವುಟ ಅಲುಗಾಡಿತು. ಹಾಗೆ ಅಲುಗಾಡಿದರೆ ಏನರ್ಥವೋ ತಿಳಿಯದೆ ಸಾಲುಗಟ್ಟಿದ ಗಾಡಿಗಳು ಒಂದೊಂದಾಗಿ ದೀಪ ಹಚ್ಚಿಕೊಂಡು ಅವನನ್ನೇ ನೋಡುತ್ತ ನಿಂತವು.