ಮೂರು ಬಡಿತ

“ಮೂರು ಅಂದ್ರೆ ಮೂರೇ ಬಡೀಬೇಕು, ಮುದಿಯಾ. ಎಣಿಸೋಕೂ ಬರಲ್ವಾ ಬೋಳಿಮಗನೆ?”

ಸಣ್ಣ ಧಣಿಗೆ ನನ್ನ ಮೊಮ್ಮಗನ ವಯಸ್ಸು. ಅವನ ಅಜ್ಜ ದೊಡ್ಡ ಧಣಿಯ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಮುಚ್ಚಿ ಬಹಳ ವರ್ಷವಾಗಿತ್ತು. ಈಗ ಅಲ್ಲಿ ಅವನು ದೆವ್ವದ ಪ್ರದರ್ಶನ ಇಟ್ಟಿದ್ದ. ಹಗಲಲ್ಲೇ ಕತ್ತಲಾಗಲೆಂದು ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆಸಿದ್ದ. ಕಸ ಗುಡಿಸಲು ಬಂದ ನನಗೆ ಇನ್ನೊಂದು ಕೆಲಸ ಹಚ್ಚಿದ್ದ. ನಾನು ತೊಟ್ಟಿಗಳ ಕೋಣೆಯೊಳಗೆ ನಿಲ್ಲಬೇಕು. ಹೊರಗಿನಿಂದ ಬೀಗ ಹಾಕುತ್ತಾರೆ. ನೋಡಲು ಬಂದವರು ಬೆಚ್ಚುವಂತೆ ನಾನು ಬಾಗಿಲು ಬಡಿಯಬೇಕು.

“ಸರಿ ಧಣಿ,” ಎಂದೆ.

“ಕೆಮ್ಮಬೇಡ. ದೆವ್ವಕ್ಕೆ ಕೆಮ್ಮು ಬರಲ್ಲ.”

ಕಥೆ ಹೇಳಲು ಇಟ್ಟುಕೊಂಡಿದ್ದ ಕೋಟಿನವನು ನಕ್ಕ.

ಊರು ಹೇಳುವ ಕಥೆ ಇದು: ನೀಲಿಕೈ ಎಂಬ ಹೆಂಗಸು ದೊಡ್ಡ ಧಣಿಗೆ ಮರುಳಾದಳು. ಅವರು ಒಲ್ಲೆನೆಂದಾಗ ಕುದಿಯುವ ತೊಟ್ಟಿಗೆ ಹಾರಿದಳು. ಈಗಲೂ ಮೂರು ಸಲ ಬಾಗಿಲು ಬಡಿಯುತ್ತಾಳೆ. ತೆಗೆದವನು ಉಳಿಯುವುದಿಲ್ಲ.

ನೀಲಿಕೈ ನನ್ನ ಅಕ್ಕ. ಬಟ್ಟೆ ಅದ್ದುವ ಎಲ್ಲ ಹೆಂಗಸರ ಕೈಯೂ ಮೊಣಕೈವರೆಗೆ ನೀಲಿಯೇ ಇರುತ್ತಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಮಗಳ ಕೆನ್ನೆ ಮುಟ್ಟುವಾಗ ಅಕ್ಕ ಕೈಗೆ ಬಿಳಿ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು.

ಒಂದು ತುಂಡು ಬಟ್ಟೆಯೂ ಆಚೆ ಹೋಗಬಾರದೆಂದು ಕೋಣೆಗೆ ಹೊರಗಿನಿಂದ ಬೀಗ. ಆಗ ನನಗೆ ಇಪ್ಪತ್ತು ವರ್ಷ. ಬೀಗದಕೈ ನನ್ನ ಸೊಂಟದಲ್ಲಿರುತ್ತಿತ್ತು. “ಕೆಲಸ ಮುಗಿದ್ರೆ ಮೂರು ಬಡೀತಾರೆ, ತೆಗಿ. ನಾಲ್ಕಕ್ಕೆ ತೆಗೆದ್ಯೋ, ನೀನೂ ನಿಮ್ಮಕ್ಕನೂ ಮನೆಗೆ,” ಎಂದಿದ್ದರು ದೊಡ್ಡ ಧಣಿ. ಅಕ್ಕ ಚೇಷ್ಟೆಗೆ ನಾಲ್ಕು ಬಡಿದು, “ಏ ಕೋತಿ, ಎಣಿಸ್ತಾ ಕೂತಿದೀಯೇನೋ?” ಎಂದು ಒಳಗಿನಿಂದಲೇ ನಗುತ್ತಿದ್ದಳು.

ಒಂದು ದಿನ ಹಬೆಯ ಕೊಳವೆ ಒಡೆಯಿತು. ಯಂತ್ರದ ಗದ್ದಲದಲ್ಲಿ ಕೂಗು ಕೇಳಲಿಲ್ಲ. ಬಡಿತ ಕೇಳಿತು. ಎಣಿಸಿದೆ. ಏಳು. ಒಂಬತ್ತು. ಹನ್ನೊಂದು. ಇವತ್ತು ಇವಳ ಚೇಷ್ಟೆ ಜಾಸ್ತಿಯಾಯಿತು ಎಂದುಕೊಂಡೆ. ಮೂರಕ್ಕಾಗಿ ಕಾದೆ.

ಸತ್ತವರು ಆರು ಜನ. ಬಾಗಿಲು ತೆಗೆದೇ ಇತ್ತೆಂಬ ಕಾಗದಕ್ಕೆ, ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ನಾನೇ ಹೆಬ್ಬೆಟ್ಟು ಒತ್ತಿದೆ. ಬಾಗಿಲು ತೆಗೆದಿದ್ದರೆ ಸತ್ತದ್ದೇಕೆ ಎಂದು ಊರು ಕೇಳಿತು. ಆಗ ಧಣಿಯ ಮನೆಯಿಂದ ಈ ಕಥೆ ಹೊರಟಿತು. ಅಕ್ಕ ಹಾರಿದಳಂತೆ, ಉಳಿದ ಐವರು ಎಳೆಯಲು ಹೋಗಿ ಬಿದ್ದರಂತೆ. ವರ್ಷ ಕಳೆದಂತೆ ಆ ಐವರು ಕಥೆಯಿಂದಲೂ ಬಿದ್ದುಹೋದರು. ದಿನಾ ಬೆಳಗ್ಗೆ ದೇವರ ಮುಂದೆ ಆರೂ ಹೆಸರು ಹೇಳುತ್ತೇನೆ. ನನ್ನ ತಪ್ಪು ಹೇಳಲು ಮಾತ್ರ ಬಾಯಿ ಬರುವುದಿಲ್ಲ. ದೇವರಿಗೆ ಗೊತ್ತಲ್ಲ ಎಂದು ಎದ್ದುಬಿಡುತ್ತೇನೆ.

ಅಕ್ಕನ ಮಗಳನ್ನು ನಾನೇ ಸಾಕಿದೆ. ಅವಳಿಗೆ ಐವತ್ತು ದಾಟಿದೆ. ಮಂದಿಯ ಬಟ್ಟೆ ಒಗೆದು ಬದುಕುತ್ತಾಳೆ. ದೆವ್ವದ ಮಗಳೆಂದು ಕರೆಸಿಕೊಂಡೇ ಮುದುಕಿಯಾಗುತ್ತಿದ್ದಾಳೆ. ಬೀಗದಕೈ ಯಾರಲ್ಲಿತ್ತೆಂದು ಅವಳಿಗೆ ಹೇಳಿರಲಿಲ್ಲ.

ಆ ಮಧ್ಯಾಹ್ನ ಕಿಟಕಿಯ ಕಪ್ಪು ಬಟ್ಟೆಗಳನ್ನು ಒಗೆದು ತಂದುಕೊಡಲು ಅವಳು ಬಂದಿದ್ದಳು. ನಾನು ಬೀಗದೊಳಗಿದ್ದೆ. ಬಾಗಿಲಾಚೆ ಜನ ಸೇರಿದ್ದರು.

“ಗಂಡ ಬಿಟ್ಟವಳು ಸ್ವಾಮಿ,” ಎನ್ನುತ್ತಿದ್ದ ಕೋಟಿನವನು. “ಒಡೆಯನ ಮಂಚಕ್ಕೇ ಕಣ್ಣು ಹಾಕಿದ್ಲು.”

ಜನ ನಕ್ಕರು.

“ಕಂಡಿದ್ಯೇನೋ ನೀನು?” ಅವಳ ದನಿ. “ನಿಮ್ಮಪ್ಪ ಕಂಡಿದ್ನಾ?”

“ಓಹೋ, ಮಗಳೇ ಬಂದಿದಾರೆ. ಒಳಗೆ ಹೋಗಿ ಅಮ್ಮನ ಮಾತಾಡಿಸ್ಕೊಂಡು ಬಾಮ್ಮ.”

“ಬಟ್ಟೆ ಇಟ್ಟು ನಡಿಯೇ,” ಎಂದ ಸಣ್ಣ ಧಣಿ. ಆಮೇಲೆ ಬಾಗಿಲಿಗೆ ಬಾಯಿಟ್ಟು, “ಹೂಂ, ಬಡಿಯೋ,” ಎಂದ.

ಮೂರು ಬಡಿದೆ. ಯಾರೋ ಕಿರುಚಿದರು, ಮಿಕ್ಕವರು ನಕ್ಕರು. ಬಾಗಿಲಿನ ಒಳಮೈ ನೋಡಿದೆ. ಅಲ್ಲಿ ಎದೆಯ ಎತ್ತರಕ್ಕೆ ಹಳೆಯ ನೀಲಿ ಕಲೆಗಳಿವೆ. ಅವು ಬಣ್ಣ ಅದ್ದಿದ ಬಟ್ಟೆ ತಾಗಿದ ಗುರುತಷ್ಟೇ ಎನ್ನುತ್ತಾನೆ ಕೋಟಿನವನು. ಒಂದು ಕಲೆಗೆ ಐದು ಬೆರಳಿವೆ. ಅದರ ಮೇಲೆ ಕೈಯಿಟ್ಟೆ. ನಾಲ್ಕನೆಯದು ಬಡಿದೆ. ಐದು. ಆರು. ಆಮೇಲೆ ಎಣಿಸಲಿಲ್ಲ.

“ಸಾಕು, ಮುದಿಯಾ,” ಎಂದ ಧಣಿ.

ಎರಡೂ ಕೈಯಲ್ಲಿ ಬಡಿದೆ. ಚರ್ಮ ಸುಲಿಯಿತು. ನಗು ನಿಂತಿತು.

“ಒಳಗಿರೋದು ನಮ್ಮ ಮಾವ. ಬೀಗ ತೆಗೀರಿ,” ಎಂದಳು ಅವಳು.

“ಆಟ ಅದು. ಮೂರಕ್ಕೆ ನಿಲ್ಲಿಸಲಿ, ತೆಗೀತೀನಿ.”

“ಕೂಸೇ,” ಎಂದು ಕೂಗಿದೆ. “ನಿಮ್ಮಮ್ಮ ಮೂರು ಬಡೀಲಿಲ್ಲ ಕಣೇ. ಹೀಗೇ ಬಡಿದ್ಲು. ಕೊಳವೆ ಒಡೆದಿತ್ತು, ಆರೂ ಜನ ಒಳಗಿದ್ರು. ಬೀಗದಕೈ ನನ್ನ ಹತ್ರ ಇತ್ತು. ನಾನು ಎಣಿಸ್ತಾ ಕೂತಿದ್ದೆ.”

ಅವಳ ಹೆಜ್ಜೆ ಬಾಗಿಲಿನಿಂದ ದೂರ ಸರಿಯಿತು. ಹೊರಟುಹೋದಳು ಎಂದುಕೊಂಡೆ. ಹೋಗಲಿ, ಅವಳಿಗೆ ಆ ಹಕ್ಕಿದೆ.

ಆಗ ಬೀಗದ ಮೇಲೆ ಕಲ್ಲು ಬಿತ್ತು. “ಏ, ಹಿಡಿಯಿರೋ ಅವಳನ್ನ,” ಎಂದ ಧಣಿ. ಯಾರೂ ಮುಂದೆ ಬಂದ ಸದ್ದಾಗಲಿಲ್ಲ. ಅವಳು ನನ್ನನ್ನು ಮಾವ ಎನ್ನಲಿಲ್ಲ, ಬೈಯಲೂ ಇಲ್ಲ. ಏದುಸಿರು ಮಾತ್ರ ಕೇಳುತ್ತಿತ್ತು. ಕಲ್ಲು ಎರಡನೇ ಸಲ ಬಿತ್ತು, ಮೂರನೇ ಸಲ ಬಿತ್ತು. ಬೀಗ ಕಳಚಲಿಲ್ಲ. ಅವಳು ನಿಲ್ಲಿಸಲಿಲ್ಲ.